ಕಾಲಿಗೆ ಶೇಕಡಾ 36, ದುಡಿಮೆಗೆ ಎಷ್ಟು?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ನನ್ನ ಅಣ್ಣನಿಗೆ 38 ವರ್ಷ. ಅವನು ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವವನು. ಕುಮಟಾದಿಂದ ಬೈಕಿನಲ್ಲಿ ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಎದುರಿನಿಂದ ಬಂದ ಲಾರಿ ಗುದ್ದಿತು. ಬಲಗಾಲಿನ ತೊಡೆಮೂಳೆ, ಮೊಣಕಾಲು ಎರಡೂ ಮುರಿದವು. ಎರಡು ಆಪರೇಷನ್ ಆಯಿತು, ಒಳಗೆ ರಾಡು ಇದೆ. ಏಳು ತಿಂಗಳು ಮನೆಯಲ್ಲೇ ಇದ್ದ. ಈಗ ನಡೆಯುತ್ತಾನೆ, ಆದರೆ ಮೊಣಕಾಲು 60 ಡಿಗ್ರಿಗಿಂತ ಜಾಸ್ತಿ ಮಡಚುವುದಿಲ್ಲ. ಡಾಕ್ಟರು ಕಾಲಿಗೆ ಶೇಕಡಾ 36 ಅಂಗವೈಕಲ್ಯ ಎಂದು ಬರೆದಿದ್ದಾರೆ. ಲಾರಿ ಚಾಲಕನ ಮೇಲೆ ಚಾರ್ಜ್‌ಶೀಟ್ ಆಗಿದೆ. ನಾವು ಕ್ಲೇಮು ಅರ್ಜಿಯನ್ನೂ ಹಾಕಿದ್ದೇವೆ. ಮುಂದಿನ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ, ದುಡಿಮೆಯ ನಷ್ಟಕ್ಕೆ 3.25 ಲಕ್ಷ ಕೊಡುತ್ತೇವೆ, ಆಸ್ಪತ್ರೆ ಬಿಲ್ಲು ಬೇರೆ ಎಂದು ಇನ್ಶೂರೆನ್ಸ್ ಕಡೆಯವರು ಹೇಳುತ್ತಿದ್ದಾರೆ. ಅದರಲ್ಲೂ ಮೂರನೇ ಒಂದು ಭಾಗ ಕಡಿತ ಆಗುತ್ತದೆ ಎಂದು ಪರಿಚಯದವರೊಬ್ಬರು ಹೆದರಿಸಿದ್ದಾರೆ. ಅಣ್ಣ ಕೊನೆ ಕೊಯ್ಲಿಗೆ ಮತ್ತು ಮದ್ದು ಹೊಡೆಯಲು ದಿನಕ್ಕೆ 1,500 ರೂಪಾಯಿಯಂತೆ ವರ್ಷಕ್ಕೆ ಸುಮಾರು 120 ದಿನ ಹೋಗುತ್ತಿದ್ದ. ಉಳಿದ ಸಮಯದಲ್ಲಿ 600 ರೂಪಾಯಿ ಕೂಲಿಗೆ ಸುಮಾರು 100 ದಿನ ದುಡಿಯುತ್ತಿದ್ದ. ಸಂಬಳದ ಚೀಟಿ ಅಂತ ಏನೂ ಇಲ್ಲ. ಈ 3.25 ಲಕ್ಷ ಸರಿಯಾದ ಮೊತ್ತವೇ?

ಉತ್ತರ: ಸರಿಯಾದ ಮೊತ್ತ ಅಲ್ಲ. ಸದ್ಯಕ್ಕೆ ಸಹಿ ಹಾಕಬೇಡಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ 3.25 ಲಕ್ಷ ಎಲ್ಲಿಂದ ಬಂತು ಅಂತ ನೋಡೋಣ. ಬಹುಶಃ ಲೆಕ್ಕ ಹೀಗಿದೆ. ಅಣ್ಣನ ತಿಂಗಳ ಆದಾಯ 15,000 ಎಂದು ಹಿಡಿದಿದ್ದಾರೆ. ವರ್ಷಕ್ಕೆ 1,80,000 ಆಯಿತು. ಇದನ್ನು ಎಷ್ಟರಿಂದ ಗುಣಿಸಬೇಕು ಎಂದು ವಯಸ್ಸಿಗೆ ತಕ್ಕಂತೆ ಗೊತ್ತುಮಾಡಿದ ಅಂಕಿಗೆ ಗುಣಕ ಎನ್ನುತ್ತಾರೆ, 38 ವರ್ಷದವರಿಗೆ ಅದು 15. ಗುಣಿಸಿದರೆ 27 ಲಕ್ಷ. ಕಾಲಿನ ಶೇಕಡಾ 36ನ್ನು ಮೂರರಿಂದ ಭಾಗಿಸಿ ಇಡೀ ದೇಹಕ್ಕೆ ಶೇಕಡಾ 12 ಎಂದು ಮಾಡಿದ್ದಾರೆ. 27 ಲಕ್ಷದ ಶೇಕಡಾ 12 ಅಂದರೆ 3,24,000. ಅದಕ್ಕೆ ಒಂದು ಸಾವಿರ ಸೇರಿಸಿ ನಿಮ್ಮ ಮುಂದೆ ಇಟ್ಟಿದ್ದಾರೆ.

ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಅದರೊಳಗೆ ಹಾಕಿದ ಅಂಕಿಗಳಲ್ಲಿ. ಆದಾಯ ಕಡಿಮೆ ಹಿಡಿದಿದ್ದಾರೆ. ಮುಂದೆ ಆದಾಯ ಹೆಚ್ಚುವ ಸಾಧ್ಯತೆಯನ್ನು ಸೇರಿಸಿಯೇ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಡಾಕ್ಟರು ಕಾಲಿಗೆ ಕೊಟ್ಟ ಅಂಕಿಯನ್ನೇ ದುಡಿಮೆಯ ಅಂಕಿ ಮಾಡಿಬಿಟ್ಟಿದ್ದಾರೆ. ಈ ಮೂರನೆಯದರಲ್ಲೇ ನಿಮಗೆ ಲಕ್ಷಗಟ್ಟಲೆ ನಷ್ಟ ಆಗುತ್ತಿದೆ. ಅದನ್ನೇ ಮೊದಲು ಹೇಳುತ್ತೇನೆ.

ಡಾಕ್ಟರು ಅಳೆಯುವುದು ಕಾಲನ್ನು. ಮೊಣಕಾಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ, ಕಾಲು ಎಷ್ಟು ಗಿಡ್ಡ ಆಗಿದೆ ಅಂತ ನೋಡಿ ಅವರು ಶೇಕಡಾ 36 ಬರೆಯುತ್ತಾರೆ. ಅದು ಅವರ ಕೆಲಸ, ಸರಿಯಾಗೇ ಮಾಡಿದ್ದಾರೆ. ಆ ಕಾಲಿನಿಂದ ಮನುಷ್ಯ ಏನು ಕೆಲಸ ಮಾಡುತ್ತಿದ್ದ ಅನ್ನುವುದು ಅವರ ಅಳತೆಯಲ್ಲಿ ಬರುವುದೇ ಇಲ್ಲ. ಅದನ್ನು ತೀರ್ಮಾನಿಸಬೇಕಾದವರು ನ್ಯಾಯಾಧೀಶರು. ಸುಪ್ರೀಂ ಕೋರ್ಟ್ 2010ರಲ್ಲಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಅಂಗವೈಕಲ್ಯದ ಶೇಕಡಾವಾರನ್ನು ಹಾಗೇ ಎತ್ತಿ ಆದಾಯ ನಷ್ಟದ ಶೇಕಡಾವಾರು ಮಾಡುವಂತಿಲ್ಲ. ಗಾಯಾಳು ಈಗ ಏನು ಮಾಡಬಲ್ಲ, ಏನು ಮಾಡಲಾರ ಎಂದು ಮೊದಲು ನೋಡಬೇಕು. ಅವನ ವಯಸ್ಸು, ಅಪಘಾತಕ್ಕೆ ಮುಂಚಿನ ಕಸುಬು ನೋಡಬೇಕು. ಅದೇ ಕಸುಬನ್ನು ಮುಂದುವರಿಸಬಹುದೇ, ಬೇರೇನಾದರೂ ಮಾಡಬಹುದೇ ಎಂದು ನೋಡಿ ಆಮೇಲೆ ದುಡಿಮೆಯ ನಷ್ಟ ಇಷ್ಟು ಎನ್ನಬೇಕು. ಕೋರ್ಟು ಅಲ್ಲಿ ಕೊಟ್ಟ ಉದಾಹರಣೆ ಎಡಗೈ ಕಳೆದುಕೊಂಡವರದು. ಅವನು ಡ್ರೈವರ್ ಅಥವಾ ಬಡಗಿ ಆಗಿದ್ದರೆ ನಷ್ಟ ಹೆಚ್ಚುಕಡಿಮೆ ಪೂರ್ತಿ. ಸರ್ಕಾರಿ ಗುಮಾಸ್ತ ಆಗಿದ್ದರೆ ಕೆಲಸ ಉಳಿಯಬಹುದು, ಸಂಬಳವೂ ಬರಬಹುದು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಇದೇ ಮೊಣಕಾಲು ಕಾರವಾರದ ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರದು ಅಂದುಕೊಳ್ಳಿ. ನೋವು ಇರುತ್ತದೆ, ಮೆಟ್ಟಿಲು ಹತ್ತುವುದು ಕಷ್ಟ, ಅದಕ್ಕೆಲ್ಲ ಪರಿಹಾರ ಬೇರೆ ಸಿಗುತ್ತದೆ. ಆದರೆ ಸಂಬಳ ನಿಲ್ಲಲ್ಲ. ಬೈತಖೋಲ ಬಂದರಿನಿಂದ ಬೋಟಿಗೆ ಹೋಗುವವರದ್ದಾದರೆ ಮಾತೇ ಬೇರೆ. ಅಲ್ಲಾಡುವ ಬೋಟಿನಲ್ಲಿ, ಒದ್ದೆ ಹಲಗೆಯ ಮೇಲೆ ಮೊಣಕಾಲು ಬಗ್ಗಿಸಿ ನಿಲ್ಲಲು ಆಗದವನು ಬಲೆ ಎಳೆಯುವುದು ಹೇಗೆ? ಅವನನ್ನು ಯಾವ ಬೋಟಿನವರೂ ಕರೆಯುವುದಿಲ್ಲ. ಡಾಕ್ಟರ ಚೀಟಿಯಲ್ಲಿ ಇಬ್ಬರಿಗೂ ಶೇಕಡಾ 36 ಇರುತ್ತದೆ.

ಕೊನೆಗೌಡನ ಕೆಲಸ ಇನ್ನೂ ಕಠಿಣ. ನಲವತ್ತು, ಐವತ್ತು ಅಡಿ ಎತ್ತರದ, ನೇರ, ಜಾರುವ ಮರ. ಎರಡು ಪಾದ ಒತ್ತಿ, ಮೊಣಕಾಲು ಪೂರ್ತಿ ಮಡಚಿ, ಮತ್ತೆ ನೀಟಿ ಏರಬೇಕು. ತುದಿಯಲ್ಲಿ ಮರ ಬಗ್ಗಿಸಿ ಪಕ್ಕದ ಮರಕ್ಕೆ ದಾಟಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಲು ಪಾಚಿ ಹಿಡಿದ ಮರ ಹತ್ತಬೇಕು. ಮಾಮೂಲಿ ಮೆಟ್ಟಿಲು ಇಳಿಯಲು ಕೂಡ ಮೊಣಕಾಲು ಸುಮಾರು 90 ಡಿಗ್ರಿ ಮಡಚಬೇಕು. ನಿಮ್ಮ ಅಣ್ಣನಿಗೆ 60 ಮಾತ್ರ. ಮರ ಹತ್ತುವ ಕೆಲಸದ ಮಟ್ಟಿಗೆ ಅವರ ನಷ್ಟ ಶೇಕಡಾ 12 ಅಲ್ಲ, 36 ಕೂಡ ಅಲ್ಲ. ಪೂರ್ತಿ ನೂರು.

ಹಾಗಂತ ಒಟ್ಟು ದುಡಿಮೆಯ ನಷ್ಟವೂ ನೂರು ಅಂತ ಕೇಳಬೇಡಿ. ಅಣ್ಣ ಬೇರೇನೂ ಮಾಡಲಾರರು ಎಂದು ಹೇಳಿದರೆ ಪಾಟಿ ಸವಾಲಿನಲ್ಲಿ ನಿಲ್ಲುವುದಿಲ್ಲ. ಕೂತು ಅಡಿಕೆ ಸುಲಿಯಬಹುದು. ಸಣ್ಣ ಅಂಗಡಿ ಇಟ್ಟುಕೊಳ್ಳಬಹುದು. ನಾನು ಹೇಳುವ ದಾರಿ ಇದು: ಅಪಘಾತಕ್ಕೆ ಮುಂಚೆ ವರ್ಷಕ್ಕೆ ಎಷ್ಟು ಬರುತ್ತಿತ್ತು, ಈಗ ನಿಜವಾಗಿ ಎಷ್ಟು ಬರಬಹುದು ಎಂದು ಎರಡನ್ನೂ ಪ್ರಾಮಾಣಿಕವಾಗಿ ಪಕ್ಕಪಕ್ಕ ಇಡಿ. ನೀವು ಕೊಟ್ಟ ಲೆಕ್ಕದಂತೆ ಮುಂಚೆ 120 ದಿನಕ್ಕೆ 1,80,000, ಕೂಲಿಯ 100 ದಿನಕ್ಕೆ 60,000, ಒಟ್ಟು 2,40,000. ಈಗ ಕೂತು ಮಾಡುವ ಕೆಲಸದಿಂದ ತಿಂಗಳಿಗೆ 7,000 ಸಿಗುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ 84,000. ಅಂದರೆ ಹಳೆಯ ದುಡಿಮೆಯ ಶೇಕಡಾ 35 ಉಳಿದಿದೆ, 65 ಹೋಗಿದೆ.

ಇನ್ಶೂರೆನ್ಸ್ ವಕೀಲರು ಎರಡು ಮಾತು ಎತ್ತಬಹುದು. ತಯಾರಾಗಿರಿ. ಒಂದು, ಈಗ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಕೊನೆ ತೆಗೆಯಬಹುದಲ್ಲ, ಮರ ಯಾಕೆ ಹತ್ತಬೇಕು ಎನ್ನುವುದು. ದೋಟಿ ಹಿಡಿದವರಿಗೆ ಗೊತ್ತು ಅದು ಎಂಥ ಕೆಲಸ ಅಂತ. ಅಷ್ಟುದ್ದದ ಕೋಲನ್ನು ತಲೆ ಮೇಲೆತ್ತಿ ಹಿಡಿದು, ಕತ್ತು ಮೇಲೆ ಮಾಡಿ, ಏರುತಗ್ಗಿನ ತೋಟದಲ್ಲಿ ಎರಡೂ ಕಾಲು ಗಟ್ಟಿಯಾಗಿ ಊರಿ ದಿನವಿಡೀ ಮರದಿಂದ ಮರಕ್ಕೆ ಹೋಗಬೇಕು. ಕುಂಟುವ ಕಾಲಿಗೆ ಅದೂ ಆಗದ ಕೆಲಸವೇ. ದೋಟಿ ಬಳಸುವ ಒಬ್ಬ ತೋಟದ ಯಜಮಾನರಿಂದ ಇದನ್ನು ಸಾಕ್ಷಿಯಾಗಿ ಹೇಳಿಸಿ. ಇನ್ನೊಂದು, ಕೂತು ತರಕಾರಿ ಮಾರಲಿ ಎನ್ನುವ ವಾದ. 2012ರಲ್ಲಿ ಕಾಲು ಕಳೆದುಕೊಂಡ ಒಬ್ಬ ಗಾಡಿ ಎಳೆಯುವವರ ಪ್ರಕರಣದಲ್ಲಿ ಇಂಥದೇ ವಾದ ಬಂದಾಗ ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ ದುಡಿಮೆಯ ನಷ್ಟ ಶೇಕಡಾ 90 ಎಂದಿತು. 2014ರಲ್ಲಿ ತೀರ್ಪಾದ ಇನ್ನೊಂದು ಪ್ರಕರಣದಲ್ಲಿ ನಮ್ಮದೇ ರಾಜ್ಯದ ತರಕಾರಿ ವ್ಯಾಪಾರಿಯೊಬ್ಬರು ಕಾಲು ಕಳೆದುಕೊಂಡಿದ್ದರು. ಹೈಕೋರ್ಟ್ ಶೇಕಡಾ 65 ಹಿಡಿದಿತ್ತು, ಸುಪ್ರೀಂ ಕೋರ್ಟ್ 85ಕ್ಕೆ ಏರಿಸಿತು. ಅವರಿಬ್ಬರಿಗೂ ಕಾಲೇ ಹೋಗಿತ್ತು, ನಿಮ್ಮ ಅಣ್ಣನಿಗೆ ಕಾಲು ಇದೆ. ಆ ವ್ಯತ್ಯಾಸವನ್ನು ಮರೆಮಾಚದೆ ಒಪ್ಪಿಕೊಂಡೇ ವಾದ ಮಾಡಬೇಕು. ನಿಮ್ಮ ವಕೀಲರು ಶೇಕಡಾ 65 ಕೇಳಲಿ. ಕ್ಲೇಮು ಅರ್ಜಿ ತೀರ್ಮಾನಿಸುವ ನ್ಯಾಯಮಂಡಳಿ 40ರಿಂದ 50ರ ನಡುವೆ ನಿಂತರೆ ನನಗೆ ಆಶ್ಚರ್ಯ ಆಗುವುದಿಲ್ಲ. 12ಕ್ಕೆ ನಿಂತರೆ ಮಾತ್ರ ಅದು ಅನ್ಯಾಯ.

ಇದೆಲ್ಲ ಡಾಕ್ಟರ ಬಾಯಿಂದ ಬರಬೇಕು. ಬರೀ ಸರ್ಟಿಫಿಕೇಟ್ ಹಾಜರು ಮಾಡಿದರೆ ಸಾಲದು. ಆಪರೇಷನ್ ಮಾಡಿದ ಡಾಕ್ಟರೇ ಬಂದು ಸಾಕ್ಷಿ ಹೇಳಿದರೆ ಅದಕ್ಕೆ ಜಾಸ್ತಿ ತೂಕ. ನಮ್ಮ ಜಿಲ್ಲೆಯ ಕಷ್ಟ ನಿಮಗೆ ಗೊತ್ತೇ ಇದೆ, ದೊಡ್ಡ ಗಾಯ ಅಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು. ಆಮೇಲೆ ಆ ಡಾಕ್ಟರನ್ನು ಶಿರಸಿ ಕೋರ್ಟಿಗೆ ಕರೆಸುವುದು ಸುಲಭ ಅಲ್ಲ. ಕಮಿಷನ್ ಮೂಲಕ, ಅಂದರೆ ಕೋರ್ಟು ನೇಮಿಸಿದವರು ಹೋಗಿ, ಆಸ್ಪತ್ರೆಯಲ್ಲೇ ಅವರ ಹೇಳಿಕೆ ದಾಖಲಿಸಲು ಅರ್ಜಿ ಹಾಕಬಹುದು, ವಕೀಲರನ್ನು ಕೇಳಿ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ನೀವೇ ಬರೆದು ಕೊಡಿ. ಇವರು ಕುಕ್ಕರಗಾಲಲ್ಲಿ ಕೂರಬಲ್ಲರೇ? ಏಣಿ ಹತ್ತಬಲ್ಲರೇ? ಇಪ್ಪತ್ತು ಕಿಲೋ ಹೊತ್ತು ಇಳಿಜಾರಿನಲ್ಲಿ ನಡೆಯಬಲ್ಲರೇ? ನಾಲ್ಕು ಗಂಟೆ ನಿಲ್ಲಬಲ್ಲರೇ? ಅಡಿಕೆ ಮರ ಹತ್ತಬಲ್ಲರೇ? ಇನ್ನು ಮುಂದೆ ಈ ಕಾಲು ಸುಧಾರಿಸುವ ಸಾಧ್ಯತೆ ಇದೆಯೇ? ಈ ಉತ್ತರಗಳು ದಾಖಲೆಗೆ ಬಂದರೆ ಶೇಕಡಾ 36 ಅನ್ನುವ ಅಂಕಿ ತಾನಾಗಿ ಹಿಂದೆ ಸರಿಯುತ್ತದೆ.

ಇನ್ನು ಆದಾಯದ ಮಾತು. ದಾಖಲೆ ಇಲ್ಲದವರಿಗಾಗಿ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಒಂದು ಪಟ್ಟಿ ಇದೆ. ಅಪಘಾತ ನಡೆದ ವರ್ಷಕ್ಕೆ ತಕ್ಕಂತೆ ತಿಂಗಳಿಗೆ ಇಷ್ಟು ಎಂದು ಅಂದಾಜು ಆದಾಯ ಹೇಳುತ್ತದೆ. ಲೋಕ ಅದಾಲತ್‌ಗೆ ಅಂತ ಮಾಡಿದ್ದು, ಕೋರ್ಟುಗಳೂ ಬಳಸುತ್ತವೆ. ಏನೂ ಪುರಾವೆ ಇಲ್ಲದವರಿಗೆ ಅದು ಆಸರೆ. ಪುರಾವೆ ಕೊಡಬಲ್ಲವರು ಅದಕ್ಕಿಂತ ಜಾಸ್ತಿ ಕೇಳಲು ಅಡ್ಡಿ ಇಲ್ಲ. ಕೂಲಿ ಮಾಡುವವರು, ತಳ್ಳುಗಾಡಿಯವರು ಸಂಬಳದ ಚೀಟಿ ತರಲಾರರು ಎಂದು ಸುಪ್ರೀಂ ಕೋರ್ಟೇ ಹಲವು ಸಲ ಹೇಳಿದೆ.

ನಿಮ್ಮಲ್ಲಿ ಪುರಾವೆ ಇದೆ, ನೀವು ಅದನ್ನು ಪುರಾವೆ ಅಂತ ನೋಡಿಲ್ಲ ಅಷ್ಟೇ. ಅಣ್ಣನನ್ನು ಪ್ರತಿ ವರ್ಷ ಕರೆಯುತ್ತಿದ್ದ ಮೂರು ನಾಲ್ಕು ತೋಟದವರ ಬಳಿ ಲೆಕ್ಕದ ಪುಸ್ತಕ ಇರುತ್ತದೆ. ಯಾವ ದಿನ ಕೊಯ್ಲು, ಎಷ್ಟು ಕೊನೆ, ಯಾರಿಗೆ ಎಷ್ಟು ಕೊಟ್ಟದ್ದು ಅಂತ ಬರೆದಿರುತ್ತಾರೆ. ಈಚೆಗೆ ತುಂಬ ಜನ ಫೋನ್‌ಪೇಯಲ್ಲೇ ಹಾಕುತ್ತಾರೆ. ಅಪಘಾತಕ್ಕಿಂತ ಹಿಂದಿನ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಕೊಯ್ಲಿನ ತಿಂಗಳುಗಳಲ್ಲಿ ಬಂದ ದುಡ್ಡಿಗೆ ಗುರುತು ಹಾಕಿ. ಸಂಘದ ಸಾಲ ಕಟ್ಟಿದ ಪಾಸ್‌ಬುಕ್ ಇದ್ದರೆ ಅದೂ ಸೇರಲಿ, ತಿಂಗಳ ಕಂತು ಕಟ್ಟುವಷ್ಟು ದುಡಿಮೆ ಇತ್ತು ಎಂದು ಅದು ತೋರಿಸುತ್ತದೆ. ಅಣ್ಣನ ಹೆಸರಿನಲ್ಲಿ ಮರ ಹತ್ತುವವರ ಅಪಘಾತ ವಿಮೆ ಯಾರಾದರೂ ಮಾಡಿಸಿದ್ದರೆ ಆ ಕಾಗದ ಬಹಳ ಮುಖ್ಯ, ಕಸುಬು ಏನೆಂದು ಅಪಘಾತಕ್ಕೆ ಮುಂಚೆಯೇ ಬರೆದಿಟ್ಟ ದಾಖಲೆ ಅದು. ತೋಟದವರು ಒಬ್ಬಿಬ್ಬರಾದರೂ ಕೋರ್ಟಿಗೆ ಬಂದು ಹೇಳಲಿ. ಬರೀ ಪತ್ರ ಬರೆದು ಕೊಟ್ಟರೆ ಬೆಲೆ ಕಡಿಮೆ.

ಒಂದು ಕಾಗದವನ್ನು ಈಗಲೇ ತೆಗೆದು ನೋಡಿ. ಪೊಲೀಸ್ ದೂರಿನಲ್ಲಿ, ಆಸ್ಪತ್ರೆಯ ದಾಖಲೆಯಲ್ಲಿ ಅಣ್ಣನ ಕಸುಬು ಏನಂತ ಇದೆ? ಸಾಮಾನ್ಯವಾಗಿ 'ಕೂಲಿ' ಅಂತ ಬರೆದಿರುತ್ತಾರೆ. ಆ ಗಡಿಬಿಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಇನ್ಶೂರೆನ್ಸ್ ಕಡೆಯವರು ಅದನ್ನೇ ಹಿಡಿದು ಇವರು ಕೊನೆಗೌಡ ಅಲ್ಲವೇ ಅಲ್ಲ ಎನ್ನುತ್ತಾರೆ. ಅದಕ್ಕೇ ತೋಟದವರ ಸಾಕ್ಷಿ ಬೇಕು ಎಂದದ್ದು. ಕೊನೆ ಕೊಯ್ಲು ಎಲ್ಲರೂ ಮಾಡುವ ಕೆಲಸ ಅಲ್ಲ. ಕೊಯ್ಲು ಬಂದರೆ ಕೊನೆಗೌಡರು ಸಿಗದೆ ತೋಟದವರು ಎಷ್ಟು ಪರದಾಡುತ್ತಾರೆ ಎಂದು ನಮಗೆಲ್ಲ ಗೊತ್ತು. ಅದನ್ನು ನ್ಯಾಯಾಧೀಶರ ಮುಂದೆ ಯಾರಾದರೂ ಹೇಳಲೇಬೇಕು.

ಆದಾಯವನ್ನು ಉಬ್ಬಿಸಬೇಡಿ. ದಿನಕ್ಕೆ 1,500 ಅಂತ 30 ದಿನಕ್ಕೆ ಗುಣಿಸಿ ತಿಂಗಳಿಗೆ 45,000 ಎಂದು ಅರ್ಜಿಯಲ್ಲಿ ಬರೆಯುವವರಿದ್ದಾರೆ. ಕೊಯ್ಲು ವರ್ಷವಿಡೀ ಇರುವುದಿಲ್ಲ ಎಂದು ಶಿರಸಿಯ ಕೋರ್ಟಿಗೆ ಗೊತ್ತಿರುವುದಿಲ್ಲವೇ? ಮೀನುಗಾರರ ಅರ್ಜಿಗಳಲ್ಲೂ ಇದೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆದರೂ ಒಳ್ಳೆ ಸೀಸನ್ನಿನ ಒಂದು ತಿಂಗಳ ಪಾಲನ್ನು ಹನ್ನೆರಡರಿಂದ ಗುಣಿಸಿರುತ್ತಾರೆ. ಒಂದು ಅಂಕಿ ಸುಳ್ಳು ಅನಿಸಿದರೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ನೀವು ನನಗೆ ಬರೆದ ಹಾಗೇ, ಸೀಸನ್ನಿನ ದಿನ ಇಷ್ಟು, ಉಳಿದ ದಿನ ಇಷ್ಟು, ವರ್ಷಕ್ಕೆ 2,40,000, ತಿಂಗಳಿಗೆ ಸರಾಸರಿ 20,000 ಎಂದು ಹೇಳಿ. ಅದು ನಂಬುವಂಥ ಲೆಕ್ಕ.

ಮುಂದಿನ ಎರಡು ಅಂಕಿಗಳಲ್ಲಿ ಜಗಳ ಕಡಿಮೆ. ಸ್ವಂತ ದುಡಿಮೆಯವರಿಗೆ, ಖಾಯಂ ಅಲ್ಲದ ಕೆಲಸದವರಿಗೆ ಮುಂದೆ ಆದಾಯ ಹೆಚ್ಚುತ್ತದೆ ಎಂದು 40 ವರ್ಷದೊಳಗಿದ್ದರೆ ಶೇಕಡಾ 40 ಸೇರಿಸಬೇಕು. 40ರಿಂದ 50ರವರೆಗೆ 25, 50ರಿಂದ 60ರವರೆಗೆ 10. ಇದು 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು. ಅದು ಸಾವಿನ ಪ್ರಕರಣಗಳಿಗೆ ಮಾತ್ರ ಎಂದು ಇನ್ಶೂರೆನ್ಸ್ ಕಡೆಯವರು ಹೇಳಬಹುದು. ಕೈಕಾಲು ಕಳೆದುಕೊಂಡು ಬದುಕಿರುವವರಿಗೂ ಇದು ಸಿಗಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಗುಣಕ 2009ರ ಸರಳಾ ವರ್ಮಾ ಪ್ರಕರಣದ ಪಟ್ಟಿಯಿಂದ ಬರುತ್ತದೆ. 36ರಿಂದ 40 ವರ್ಷಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, ಹೀಗೆ ಇಳಿಯುತ್ತದೆ. ಅಣ್ಣ ಇನ್ನೂ 22 ವರ್ಷ ದುಡಿಯುತ್ತಿದ್ದರಲ್ಲ, 15 ಯಾಕೆ ಅಂತ ನೀವು ಕೇಳಬಹುದು. ವರ್ಷ ವರ್ಷ ಬರಬೇಕಾದ ದುಡ್ಡು ಒಂದೇ ಸಲ ಕೈಗೆ ಬಂದಾಗ ಅದಕ್ಕೆ ಬಡ್ಡಿ ಹುಟ್ಟುತ್ತದೆ. ಬದುಕಿನ ಏರುಪೇರುಗಳೂ ಇರುತ್ತವೆ. ಅದಕ್ಕೆ ಇಳಿಸಿದ್ದಾರೆ. ಅಪಘಾತದ ದಿನ ಇದ್ದ ವಯಸ್ಸೇ ಲೆಕ್ಕ. ಆಧಾರಿನಲ್ಲಿ, ಶಾಲೆಯ ಸರ್ಟಿಫಿಕೇಟಿನಲ್ಲಿ ಬೇರೆ ಬೇರೆ ವಯಸ್ಸು ಇದ್ದರೆ ವಕೀಲರಿಗೆ ಮೊದಲೇ ಹೇಳಿಬಿಡಿ. 40ರ ಆಸುಪಾಸಿನಲ್ಲಿ ಒಂದೆರಡು ವರ್ಷಕ್ಕೆ ದೊಡ್ಡ ಮೊತ್ತ ವ್ಯತ್ಯಾಸ ಆಗುತ್ತದೆ.

ಈಗ ಲೆಕ್ಕ ಕೂಡಿಸೋಣ. ತಿಂಗಳಿಗೆ 20,000, ಅದಕ್ಕೆ ಶೇಕಡಾ 40 ಸೇರಿಸಿದರೆ 28,000. ವರ್ಷಕ್ಕೆ 3,36,000. ಗುಣಕ 15ರಿಂದ ಗುಣಿಸಿದರೆ 50,40,000. ದುಡಿಮೆಯ ನಷ್ಟ ಶೇಕಡಾ 65 ಎಂದು ಒಪ್ಪಿದರೆ 32,76,000. 50 ಎಂದರೆ 25,20,000. 40 ಎಂದರೆ 20,16,000. ಆದಾಯದ ಪುರಾವೆ ನಂಬದೆ 15,000ಕ್ಕೇ ನಿಂತರೂ, ಶೇಕಡಾ 40 ಸೇರಿಸಿ, ದುಡಿಮೆಯ ನಷ್ಟ ಶೇಕಡಾ 40 ಹಿಡಿದರೆ 15,12,000 ಆಗುತ್ತದೆ. ಅವರ 3.25 ಲಕ್ಷವನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಿ.

ಮೂರನೇ ಒಂದು ಭಾಗದ ಕಡಿತದ ಹೆದರಿಕೆ ಬಿಡಿ. ಎರಡು ವಿಷಯ ಕಲಸಿಹೋಗಿವೆ. ಸಾವಿನ ಪ್ರಕರಣದಲ್ಲಿ ಸತ್ತವರು ತಮಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದ ಪಾಲನ್ನು ಕಳೆಯುತ್ತಾರೆ, ಅದು ಮೂರನೇ ಒಂದು ಇರಬಹುದು, ಮನೆಮಂದಿ ಜಾಸ್ತಿ ಇದ್ದರೆ ಕಡಿಮೆ ಆಗಬಹುದು. ನಿಮ್ಮ ಅಣ್ಣ ಬದುಕಿದ್ದಾರೆ, ಅವರಿಗೆ ಊಟ ಬಟ್ಟೆ ಬೇಕು, ಆ ಕಡಿತ ಅವರಿಗೆ ಇಲ್ಲ. ಇನ್ನೊಂದು, ಕಾಲಿನ 36ನ್ನು ಮೂರರಿಂದ ಭಾಗಿಸಿ 12 ಮಾಡಿದ್ದು. ನಮ್ಮ ಕೋರ್ಟುಗಳಲ್ಲಿ ಅದು ರೂಢಿ. ಕಸುಬಿನ ಬಗ್ಗೆ ಬೇರೆ ಸಾಕ್ಷಿ ಇಲ್ಲದಿದ್ದರೆ ಅದಕ್ಕೇ ನಿಂತುಬಿಡುತ್ತಾರೆ. ಸಾಕ್ಷಿ ಇದ್ದರೆ ನಿಲ್ಲಬೇಕಾಗಿಲ್ಲ.

ಮೇಲಿನ ಮೊತ್ತ ಮುಂದಿನ ದುಡಿಮೆಯದು ಮಾತ್ರ. ಹಾಸಿಗೆಯಲ್ಲಿದ್ದ ಏಳು ತಿಂಗಳ ನಷ್ಟ ಬೇರೆ, ತಿಂಗಳಿಗೆ 20,000ದಂತೆ 1,40,000. ಆಸ್ಪತ್ರೆ ಖರ್ಚು, ಆಂಬುಲೆನ್ಸ್, ತಪಾಸಣೆಗೆ ಓಡಾಡಿದ ಕಾರು ಬಾಡಿಗೆ, ಮುಂದೆ ರಾಡು ತೆಗೆಸುವ ಖರ್ಚು, ನೋವಿಗೆ, ಬದುಕಿನ ಸುಖ ಕಳೆದುಕೊಂಡದ್ದಕ್ಕೆ, ಎಲ್ಲ ಬೇರೆ ಬೇರೆ. ಇನ್ನೊಂದು ಪ್ರಶ್ನೆ, ನಿಮ್ಮ ಪತ್ರದಲ್ಲಿ ಇಲ್ಲದ್ದು: ಆ ಏಳು ತಿಂಗಳು ಅಣ್ಣನನ್ನು ನೋಡಿಕೊಂಡವರು ಯಾರು? ಅತ್ತಿಗೆ ಅಡಿಕೆ ಸುಲಿಯಲು, ಕೂಲಿಗೆ ಹೋಗುತ್ತಿದ್ದವರು ಮನೆಯಲ್ಲೇ ಉಳಿದರೇ? ಮನೆಯವರೇ ನೋಡಿಕೊಂಡರು ಎಂಬ ಕಾರಣಕ್ಕೆ ಆರೈಕೆಯ ಹಣ ಇಲ್ಲ ಎನ್ನುವಂತಿಲ್ಲ. ಅವರು ಕಳೆದುಕೊಂಡ ಕೂಲಿಯನ್ನು ಆರೈಕೆಯ ಖರ್ಚು ಎಂದು ಕೇಳಿ. ಹೆಂಗಸರ ಈ ದುಡಿಮೆಯನ್ನು ಅರ್ಜಿಯಲ್ಲಿ ಬರೆಯಲು ಮರೆಯುವುದು ನೋಡಿ ನೋಡಿ ನನಗೆ ಬೇಸರ ಬಂದಿದೆ.

ರಾಜಿಯ ಬಗ್ಗೆ. ನಾನು ರಾಜಿಗೆ ವಿರೋಧಿ ಅಲ್ಲ. ಕೇಸು ವರ್ಷಗಟ್ಟಲೆ ಎಳೆಯುತ್ತದೆ, ಮನೆಯಲ್ಲಿ ಮಕ್ಕಳ ಫೀಸು, ಸಾಲದ ಕಂತು ಕಾಯುವುದಿಲ್ಲ. ಆದರೆ ಲೋಕ ಅದಾಲತ್‌ನಲ್ಲಿ ಒಪ್ಪಿ ಸಹಿ ಹಾಕಿದರೆ ಅದೇ ಕೊನೆ, ಮೇಲೆ ಅಪೀಲು ಇಲ್ಲ. ಹಾಗಾಗಿ ಡಾಕ್ಟರ ಸಾಕ್ಷಿ, ಒಬ್ಬ ತೋಟದವರ ಸಾಕ್ಷಿ ಆಗುವವರೆಗೆ ತಡೆಯಿರಿ. ಅವು ದಾಖಲೆಗೆ ಬಂದ ಮೇಲೆ ಅವರೇ ಬೇರೆ ಅಂಕಿ ಹೇಳುತ್ತಾರೆ. ದುಡಿಮೆಯ ನಷ್ಟಕ್ಕೇ 15 ಲಕ್ಷದ ಮೇಲೆ ಬಂದರೆ ಕೂತು ಮಾತಾಡಿ, ಅದಕ್ಕಿಂತ ಕೆಳಗಿದ್ದರೆ ತೀರ್ಪಿಗೇ ಬಿಡಿ. ಕಾದದ್ದಕ್ಕೆ ಬಡ್ಡಿ ಇದೆ. ಅರ್ಜಿ ಹಾಕಿದ ದಿನದಿಂದ ಸಾಮಾನ್ಯವಾಗಿ ಶೇಕಡಾ 6ರಿಂದ 9 ಕೊಡುತ್ತಾರೆ. 20 ಲಕ್ಷಕ್ಕೆ ಶೇಕಡಾ 6 ಅಂದರೂ ವರ್ಷಕ್ಕೆ 1,20,000.

ನೀವು ಅರ್ಜಿ ಹಾಕಿ ಆಗಿದೆ, ಒಳ್ಳೆಯದಾಯಿತು. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಕ್ಲೇಮು ಅರ್ಜಿ ಹಾಕಬೇಕು ಎಂಬ ನಿಯಮ ಜಾರಿಯಲ್ಲಿದೆ. ಗಾಯ ಮಾಯಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಅಂಗವೈಕಲ್ಯದ ಸರ್ಟಿಫಿಕೇಟ್ ಆಮೇಲೆ ಕೊಟ್ಟರೂ ನಡೆಯುತ್ತದೆ.

ನ್ಯಾಯಮಂಡಳಿ ಕೊನೆಗೆ ಶೇಕಡಾ 12ಕ್ಕೇ ನಿಂತಿತು ಅಂದುಕೊಳ್ಳಿ. ಆಗ ತೀರ್ಪಿನ 90 ದಿನದೊಳಗೆ ಹೈಕೋರ್ಟಿಗೆ ಅಪೀಲು ಹಾಕಬಹುದು. ನಮ್ಮ ಜಿಲ್ಲೆಯ ಅಪೀಲುಗಳು ಧಾರವಾಡ ಪೀಠದಲ್ಲಿ ನಡೆಯುತ್ತವೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೆ ಅಲ್ಲಿ ಸಾಮಾನ್ಯವಾಗಿ ನೋಡುವುದು ಶಿರಸಿಯಲ್ಲಿ ದಾಖಲಾದ ಸಾಕ್ಷಿಯನ್ನೇ. ಡಾಕ್ಟರಿಗೆ ಕೇಳದೆ ಬಿಟ್ಟ ಪ್ರಶ್ನೆಯನ್ನು ಅಲ್ಲಿ ಹೊಸದಾಗಿ ಕೇಳುವುದು ಬಹಳ ಕಷ್ಟ. ಆ ಪ್ರಶ್ನೆಗಳ ಚೀಟಿಯನ್ನು ಮುಂದಿನ ತಾರೀಕಿಗೆ ಮುಂಚೆಯೇ ನಿಮ್ಮ ವಕೀಲರ ಕೈಗೆ ಕೊಡಿ.